ಹತ್ತು ಶರ್ಟಿನ ನಾಟಕ

ಅವರ ಎಡಗೈಯ ಒಳಬದಿಯಲ್ಲಿ ಒಂದು ಸುಟ್ಟ ಗುರುತಿತ್ತು, ಇಸ್ತ್ರಿಪೆಟ್ಟಿಗೆಯ ಮೂತಿಯದೇ ಆಕಾರ. ಕೆಂಡ ತುಂಬಿದ ಪೆಟ್ಟಿಗೆಯನ್ನು ವರ್ಷಗಟ್ಟಲೆ ಒತ್ತಿ ಎಳೆದು ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ಹಾಸನದ ಕಲಾಭವನದಲ್ಲಿ ದೀಪ ಆರಿದ ಮೇಲೂ ಆ ವಾರೆ ಭುಜದಿಂದಲೇ ನಾನು ಅವರನ್ನು ಗುರುತು ಹಿಡಿಯುತ್ತಿದ್ದೆ. ಅವರದು ನಾಲ್ಕನೇ ಸಾಲಿನ ತುದಿಯ ಕುರ್ಚಿ, ನನ್ನದು ಮೊದಲನೇ ಸಾಲಿನ ಸೋಫಾ. ಆದರೂ ಪ್ರತಿಸಲ ಕತ್ತು ಹೊರಳಿಸಿ ನೋಡುತ್ತಿದ್ದವನು ನಾನು, ಅವರಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆಮರದ ಕೆಳಗೆ ಅವರ ತಳ್ಳುಗಾಡಿ. ಊರು ಹಿರೀಸಾವೆ ಕಡೆ. ಬೀದಿಗೆಲ್ಲ ಅವರು ಇಸ್ತ್ರಿಯವರು. ನಾನು ಕಾಲೇಜಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತನಾದವನು. ಊರಿನ ವಾರಪತ್ರಿಕೆಗೆ ನಾಟಕವಿಮರ್ಶೆ ಬರೆಯುತ್ತಿದ್ದೆನಾದ್ದರಿಂದ ಯಾವ ತಂಡ ಬಂದರೂ ಮನೆಗೆ ಪಾಸು ಬರುತ್ತಿತ್ತು. ಹುಟ್ಟಿದ್ದು ಸಂಗೀತಗಾರರ ಊರಾದ ರುದ್ರಪಟ್ಟಣದ ಪಕ್ಕ. ಅಲ್ಲಿ ಜಗಲಿಯ ಮೇಲೆ ಕೂತರೆ ಸಂಗೀತ ತಾನಾಗಿ ಕಿವಿಗೆ ಬೀಳುತ್ತದೆ. ಕಲೆಗೆ ದುಡ್ಡು ಕೊಡಬೇಕು ಎನ್ನುವುದು ನನ್ನ ತಲೆಗೆ ಹೋಗಿರಲೇ ಇಲ್ಲ ಎಂದರೆ ಅರ್ಧ ನಿಜ. ಪಾಸು ಬಂದರೆ ನನಗೊಂದು ಹೆಮ್ಮೆ ಎನ್ನುವುದು ಇನ್ನರ್ಧ.

ಒಂದು ಶರ್ಟು ಇಸ್ತ್ರಿಗೆ ಹತ್ತು ರೂಪಾಯಿ. ನಾಟಕದ ಟಿಕೆಟ್ ನೂರು. ನೂರು ಎಂದರೆ ನಮ್ಮ ಬೀದಿಯ ಕಾರಿನವರೇ ಹುಬ್ಬು ಹಾರಿಸಿ, "ಪಾಸ್ ಯಾವುದಾದ್ರೂ ಇದ್ರೆ ಹೇಳಿ ಸಾರ್" ಎನ್ನುತ್ತಿದ್ದರು. ಇಸ್ತ್ರಿಯವರು ಮಾತ್ರ ನಾಟಕದ ದಿನ ಬೆಳಿಗ್ಗೆ ಒಂದು ಗಂಟೆ ಮುಂಚೆ ಕೆಂಡ ಹೊತ್ತಿಸಿ, ಮನೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಅಮ್ಮಾ, ಸಾಯಂಕಾಲ ನಾಟ್ಕ ಐತೆ. ಹೆಚ್ಗೆ ಶರ್ಟು ಇದ್ರೆ ಕೊಡಿ."

ಬೀದಿಯ ಹೆಂಗಸರು ನಗುತ್ತಾ ಬೀರುವಿನ ತಳದಿಂದ ಹುಡುಕಿ ಕೊಡುತ್ತಿದ್ದರು. ಹತ್ತು ಶರ್ಟು ಆಗುತ್ತಿದ್ದಂತೆ, "ಸಾಕು, ನನ್ನ ಕುರ್ಚಿ ಬಂತು" ಎಂದು ಗಾಡಿಗೆ ಹೋಗುತ್ತಿದ್ದರು.

ನಾಟಕದ ಬೆಲೆಯನ್ನು ಅವರು ಕಟ್ಟುತ್ತಿದ್ದುದೂ ಶರ್ಟಿನಲ್ಲೇ. ಮಾರನೆಯ ದಿನ ಯಾರಾದರೂ ಹೇಗಿತ್ತು ಎಂದರೆ, "ಏಳು ಶರ್ಟು. ರಾಜ ಮಾಡ್ದೋನು ಮಾತು ನುಂಗ್ತಾನೆ," ಎನ್ನುವರು. ಒಮ್ಮೆ ಒಂದು ಹೆಸರಾಂತ ತಂಡದ ನಾಟಕಕ್ಕೆ, "ಮೂರು ಶರ್ಟು ಕಣ್ ಸಾ. ಉಳಿದಿದ್ದು ಲೈಟಿಗೆ ಓಯ್ತು," ಎಂದರು. ಆ ನಾಟಕದ ಬಗ್ಗೆ ನಾನು ಎರಡು ಕಾಲಂ ಬರೆದಿದ್ದೆ. 'ಬೆಳಕಿನ ವಿನ್ಯಾಸ ಗಮನಾರ್ಹ' ಎಂದೂ ಬರೆದಿದ್ದೆ. ಪುಕ್ಕಟೆ ಕೂತವನು ಇನ್ನೇನು ಬರೆದಾನು?

ಅವರು ಚಪ್ಪಾಳೆ ತಟ್ಟುವವರಲ್ಲ. ಮಾತು ಮನಸ್ಸಿಗೆ ಬಂದರೆ ಬಲ ಅಂಗೈ ಮೊಣಕಾಲಿನ ಪಂಚೆಯ ಮೇಲೆ ಮೆಲ್ಲಗೆ ಹಿಂದೆ ಮುಂದೆ ಓಡುತ್ತಿತ್ತು, ಸುಕ್ಕು ತೆಗೆಯುವ ಹಾಗೆ. ಇಲ್ಲದಿದ್ದರೆ ಕೈ ಸುಮ್ಮನೆ ಬಿದ್ದಿರುತ್ತಿತ್ತು. ರಂಗದ ಮೇಲಿನಿಂದ ನಟರು ಆ ಕೈಯನ್ನು ನೋಡುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ನಮ್ಮ ಊರಿನ ತಂಡದ ನಿರ್ದೇಶಕಿ, ನನ್ನ ಹಳೇ ವಿದ್ಯಾರ್ಥಿನಿ, ಈಗ ಪ್ರೌಢಶಾಲೆಯಲ್ಲಿ ಟೀಚರು. ನಾಟಕ ಮುಗಿದ ಮರುದಿನ ಅವಳ ಸ್ಕೂಟರ್ ಮೊದಲು ನಿಲ್ಲುತ್ತಿದ್ದುದು ಹೊಂಗೆಮರದ ಕೆಳಗೆ. "ಎಷ್ಟು ಶರ್ಟಣ್ಣ?" ಎಂದು ಕೇಳಿ, ಉತ್ತರ ಇಸಿದುಕೊಂಡು, ಆಮೇಲೆ ನನ್ನ ಮನೆಗೆ ಬಂದು, "ಸಾರ್, ವಿಮರ್ಶೆ ಯಾವ ವಾರ ಬರುತ್ತೆ?" ಎನ್ನುವಳು.

ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ಅವರ ಪೆಟ್ಟಿಗೆಯಲ್ಲಿದ್ದಷ್ಟೇ ಕೆಂಡ ನನ್ನೊಳಗೂ ಇತ್ತು. ಓದಿದವನು ನಾನು, ರಸ ಧ್ವನಿ ಎಂದೆಲ್ಲ ಪಾಠ ಮಾಡಿದವನು ನಾನು, ಊರು ಕೇಳುವುದು ಮಾತ್ರ ಅವರನ್ನು. ನನ್ನ ಹೆಂಡತಿ ಕಾಫಿ ಲೋಟ ಕೈಗಿಡುತ್ತಾ, "ನಿಮ್ಮ ಶರ್ಟಿಗೆ ಇಸ್ತ್ರಿ ಹಾಕಿ ಅವರು ದುಡ್ಡು ಕೊಟ್ಟು ನೋಡ್ತಾರೆ. ಆ ಶರ್ಟು ಹಾಕ್ಕೊಂಡು ನೀವು ಪುಕ್ಕಟೆ ನೋಡ್ತೀರ. ಅವಳು ಮೊದಲು ಯಾರನ್ನ ಕೇಳಬೇಕು ಹೇಳಿ," ಎಂದಳು. ಆ ಕಾಫಿ ನನಗೆ ರುಚಿಸಲಿಲ್ಲ.

ಹೀಗಿರುವಾಗ ನಾನೇ ಒಂದು ನಾಟಕ ಬರೆದೆ. ಬಟ್ಟೆ ಅಂಗಡಿ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರ ಕತೆ. ಕೊನೆಗೆ ಅಣ್ಣ ಅಂಗಡಿಯ ಕೀಲಿಕೈಯನ್ನು ಗಲ್ಲಾದ ಮೇಲಿಟ್ಟು ಮಾತಿಲ್ಲದೆ ಇಳಿದು ಹೋಗುತ್ತಾನೆ; ಆಮೇಲೆ ತಮ್ಮ ಒಬ್ಬನೇ ನಿಂತು ಹತ್ತು ನಿಮಿಷ ಮಾತಾಡುತ್ತಾನೆ. ಆ ಹತ್ತು ನಿಮಿಷ ಬರೆಯಲು ನನಗೆ ಎರಡು ತಿಂಗಳು ಹಿಡಿದಿತ್ತು. ನಿರ್ದೇಶಕಿ ಆಡಿಸಲು ಒಪ್ಪಿದಳು. ಹಾಸನದಲ್ಲಿ ಮೊದಲ ಪ್ರದರ್ಶನ. ನನಗೆ ಬೇಕಿದ್ದದ್ದು ಒಂದೇ, ಹತ್ತು ಶರ್ಟು. ಅವರು ಆವರೆಗೆ ಯಾವ ನಾಟಕಕ್ಕೂ ಹತ್ತು ಕೊಟ್ಟಿರಲಿಲ್ಲ.

ಆ ದಿನ ಬೆಳಿಗ್ಗೆ ಅವರು ನಮ್ಮ ಬಾಗಿಲಿಗೇ ಬಂದರು.

"ಅಮ್ಮಾ, ಮೇಷ್ಟ್ರು ನಾಟ್ಕ ಐತೆ. ಶರ್ಟು ಕೊಡಿ."

ಹೆಂಡತಿ ಒಳಗೆ ಹೋದಳು. ನಾನು ಹೊರಗೆ ಬಂದು ಮೇಜಿನ ಮೇಲಿದ್ದ ಗೌರವ ಪಾಸನ್ನು ಅವರ ಕೈಗಿಟ್ಟೆ. "ನನ್ನ ನಾಟಕಕ್ಕೆ ನೀವು ದುಡ್ಡು ಕೊಡೋದೇ? ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ," ಎಂದೆ. ನೋಡಿದವರಿಗೆ ಅದು ಔದಾರ್ಯ. ಒಳಗಿನ ಮಾತು ಬೇರೆ. ಈ ಮನುಷ್ಯನೂ ಒಂದು ಸಲ ನನ್ನ ಹಾಗೆ ಪುಕ್ಕಟೆ ಸೋಫಾದಲ್ಲಿ ಕೂತು, ನನ್ನ ಹಾಗೆ ಬಾಯಿ ಕಟ್ಟಿಸಿಕೊಳ್ಳಲಿ ಎಂದು ನನಗಿತ್ತು.

ಅವರು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೇಡ ಎನ್ನಲು ಬಾಯಿ ತೆರೆದವರು ನನ್ನ ಮುಖ ನೋಡಿದರು. "ಅಂಗಾರೆ ಶರ್ಟು ಬ್ಯಾಡ ಬುಡಿ ಅಮ್ಮಾ," ಎಂದು ಒಳಗೆ ಕೂಗಿ ಹೇಳಿ, ಪಾಸನ್ನು ಜೇಬಿಗಿಟ್ಟುಕೊಂಡು ಹೋದರು.

ಸಂಜೆ ನನ್ನ ಪಕ್ಕದಲ್ಲಿ ಕೂತರು, ಒಗೆದ ಪಂಚೆ, ಬಿಳಿ ಅಂಗಿ. ನಾನು ನನ್ನ ನಾಟಕ ನೋಡಲಿಲ್ಲ, ಅವರ ಬಲಗೈ ನೋಡಿದೆ. ಎರಡು ಕೈಯನ್ನೂ ತೊಡೆಯ ಮಧ್ಯೆ ಸಿಕ್ಕಿಸಿಕೊಂಡು, ಬೀಗರ ಮನೆಗೆ ಬಂದವರ ಹಾಗೆ ಕೂತಿದ್ದರು. ಕೈ ಒಮ್ಮೆಯೂ ಹೊರಗೆ ಬರಲಿಲ್ಲ.

ಮಾರನೆಯ ದಿನ ನಾನೇ ಗಾಡಿಯ ಹತ್ತಿರ ಹೋದೆ.

"ಚೆನ್ನಾಗಿತ್ತು ಸಾ."

"ಎಷ್ಟು ಶರ್ಟು?"

ಅವರು ಪೆಟ್ಟಿಗೆ ಎತ್ತಿ ಬದಿಗಿಟ್ಟರು. "ಪಾಸ್ನಾಗೆ ಬಂದೋನು ಎಂಗೆ ಯೋಳಾನು ಸಾ? ನಂದೇನೂ ಓಗಿಲ್ವಲ್ಲ. ಚೆನ್ನಾಗಿತ್ತು ಅನ್ಬೇಕು, ಅಷ್ಟೆ."

ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ. ಎರಡು ದಿನ ಹೆಂಡತಿಯ ಜೊತೆ ಕಾರಣವಿಲ್ಲದೆ ಸಿಡುಕಾಡಿದೆ.

ಎರಡನೇ ಪ್ರದರ್ಶನ ಹೊಳೆನರಸೀಪುರದಲ್ಲಿ. ಜ್ವರ ಬಂದು ನನಗೆ ಹೋಗಲಾಗಲಿಲ್ಲ. ಮೂರನೆಯದು ಅರಕಲಗೂಡಿನಲ್ಲಿ, ಅದಕ್ಕೆ ಹೋದೆ. ಅಣ್ಣ ಕೀಲಿಕೈ ಗಲ್ಲಾದ ಮೇಲಿಟ್ಟು ಇಳಿದು ಹೋದ. ತಮ್ಮ ಅದನ್ನು ನೋಡುತ್ತಾ ನಿಂತ. ಇನ್ನು ಮಾತು ಶುರುವಾಗಬೇಕು ಎನ್ನುವಷ್ಟರಲ್ಲಿ ದೀಪ ಆರಿತು. ನನ್ನ ಹತ್ತು ನಿಮಿಷ ಇರಲೇ ಇಲ್ಲ. ಸಿಟ್ಟಿನಿಂದ ಎದ್ದು ನಿಂತೆ. ಆಮೇಲೆ ಬಂತು ನೋಡಿ ಚಪ್ಪಾಳೆ, ಹಾಸನದಲ್ಲಿ ಅದರ ಕಾಲುಭಾಗವೂ ಬಂದಿರಲಿಲ್ಲ. ಅಪರಿಚಿತರು ಬಂದು ಕೈ ಹಿಡಿದುಕೊಂಡು, "ಎಂಥಾ ಮುಕ್ತಾಯ ಸಾರ್," ಎಂದರು. ನಾನು ತಲೆಬಾಗಿ ಅದನ್ನು ಸ್ವೀಕರಿಸಿದೆ. ನಿರ್ದೇಶಕಿ ಕಣ್ಣು ತಪ್ಪಿಸಿ, "ಕೊನೇ ಬಸ್ಸಿಗೆ ಹೊತ್ತಾಗುತ್ತೆ ಅಂತ ಕಟ್ ಮಾಡಿದೆ ಸಾರ್," ಎಂದಳು. ಬಸ್ಸಿನ ಪುಣ್ಯ ಎಂದುಕೊಂಡೆ.

ಅದಾಗಿ ಎರಡು ತಿಂಗಳಿಗೆ ಇಸ್ತ್ರಿಯವರು ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನೂ ನಿರ್ದೇಶಕಿಯೂ ಹಿರೀಸಾವೆಗೆ ಹೋಗಿ, ಊಟ ಮುಗಿಸಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ಅವಳು ರಸ್ತೆ ನೋಡುತ್ತಲೇ ಹೇಳಿದಳು.

"ಹೊಳೆನರಸೀಪುರದ ಶೋಗೆ ಅಣ್ಣ ಬಂದಿದ್ರು ಸಾರ್. ಕೌಂಟರ್‌ನಲ್ಲಿ ನಾನೇ ಕೂತಿದ್ದೆ. ದುಡ್ಡು ಬೇಡ ಅಂದ್ರೂ ಕೇಳದೆ ನೂರು ಕೊಟ್ಟು ಟಿಕೆಟ್ ತಗೊಂಡ್ರು."

"ಎಷ್ಟು ಶರ್ಟು ಅಂದ್ರು?"

"ಒಂಬತ್ತು ಅಂದ್ರು. 'ಕೀಲಿಕೈ ಮಡಗ್ದಾಗ್ಲೇ ಮುಗೀತು ಕಣವ್ವ. ಮಡಿಚಿಟ್ಟ ಶರ್ಟಿಗೆ ಮೇಷ್ಟ್ರು ಮತ್ತೆ ಪೆಟ್ಗೆ ಎಳ್ದವ್ರೆ, ಅಲ್ಲಿ ಸುಟ್ಟೋಗೈತೆ. ಅದೊಂದು ತೆಗ್ದಾಕು, ಹತ್ತೂ ಕೊಡ್ತೀನಿ' ಅಂದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದಿದ್ರು ಸಾರ್. 'ಪಾಪ, ಪ್ರೀತಿಯಿಂದ ಪಾಸು ಕೊಟ್ಟವ್ರೆ, ಅವರ ಮನಸ್ಸು ನೋಯಿಸ್ಬ್ಯಾಡ' ಅಂತ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಇಸ್ತ್ರಿಯವರು ಆ ಪಾಸನ್ನು ಪ್ರೀತಿ ಎಂದುಕೊಂಡೇ ಹೋದರು.

ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ ನಾಟಕ ಮತ್ತೆ ಆಯಿತು. ಈಗ ಟಿಕೆಟ್ ನೂರೈವತ್ತು. ನಾನು ಸಾಲಿನಲ್ಲಿ ನಿಂತೆ. ನಿರ್ದೇಶಕಿ, "ಏನ್ ಸಾರ್ ಇದು, ನಿಮ್ಮದೇ ನಾಟಕ," ಎಂದು ದುಡ್ಡನ್ನು ಹಿಂದಕ್ಕೆ ತಳ್ಳಿದಳು. ನಾನು ಮತ್ತೆ ಮುಂದಕ್ಕೆ ತಳ್ಳಿದೆ. ಜೇಬಿನಿಂದ ನೋಟು ಹೋದ ಮೇಲೆ ನಾಟಕ ನೋಡುವ ಕಣ್ಣು ಬೇರೆಯೇ ಆಗುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಮೊದಲ ದೃಶ್ಯ ಬರೀ ಎಳೆತ, ಎರಡು ಶರ್ಟು ಅಲ್ಲೇ ದಂಡ.

ನಾಟಕ ಮುಗಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಹತ್ತಿರ ಬಂದು, "ಆ ಕೀಲಿಕೈಯಲ್ಲಿ ನಿಲ್ಲಿಸಬೇಕು ಅಂತ ನಿಮಗೆ ಹೇಗೆ ಹೊಳೀತು ಸಾರ್?" ಎಂದಳು.

"ನನಗೆ ಹೊಳೀಲಿಲ್ಲಮ್ಮ," ಎಂದೆ. "ಅದು ನಮ್ಮ ಬೀದಿಯ ಇಸ್ತ್ರಿಯವರದು. ಅದಕ್ಕೆ ಅವರು ಹತ್ತು ಶರ್ಟಿನ ದುಡ್ಡು ಕೊಟ್ಟಿದ್ದಾರೆ. ನಾನು ಪುಕ್ಕಟೆ ತಗೊಂಡೆ."

ಅವಳಿಗೆ ಏನು ಅರ್ಥವಾಯಿತೋ, ನಕ್ಕು ಹೋದಳು. ಸಾಲ ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಗುರಾಗಲಿಲ್ಲ. ಆ ಮುಕ್ತಾಯ ನನಗೇ ಹೊಳೆಯಬೇಕಿತ್ತು ಎಂದು ಹೊಟ್ಟೆ ಇವತ್ತಿಗೂ ಉರಿಯುತ್ತದೆ.