ಬೇರೆ ನಳಿಗೆ, ಹಳೆಯ ಕಾಡತೂಸು

ನಿನ್ನೆ ಹೊಲಿಗೆ ಮಶಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಡಹಿಂಗ್ಲಜದ ಬಾಜೂಮನೆ ಕಾಕು ನೆನಪಾದಳು. ಅವರ ಪಡಸಾಲೆಯಲ್ಲೂ ಇದೇ ವಾಸನೆ... ಆಕೆಯ ಗಂಡ, ನಮ್ಮೆಲ್ಲರ ಕಾಕಾ, ಕೂತು ಬಂದೂಕು ಒರೆಸುತ್ತಿದ್ದರು, ಕಾಕು ಒಳಗೂ ಹೊರಗೂ ಸುಳಿದಾಡುತ್ತಿದ್ದಳು.

ನಾನು ಮದುವೆಯಾಗಿ ಆ ಓಣಿಗೆ ಬಂದ ಹೊಸತು. ಐವತ್ತರ ದಶಕ ಮುಗಿಯುತ್ತಿತ್ತು. ಉತ್ತೂರಿನ ಕಡೆಯ ಅವರ ಕಬ್ಬಿನ ಹೊಲಕ್ಕೆ ಕಾಡುಹಂದಿಗಳು ನುಗ್ಗುತ್ತಿದ್ದವು. ಕಾಕಾರ ರೈಫಲ್ ಅವರಪ್ಪನ ಕಾಲದ್ದು, ವಿಲಾಯತಿಯಿಂದ ಬಂದದ್ದು. ಅದಕ್ಕೆ ತುಂಬುವ ಕಾಡತೂಸು ಪೇಟೆಗೆ ಬರುವುದೇ ನಿಂತುಹೋಯಿತು. ಕಾಕಾ ಲೈಸನ್ಸು ತಿದ್ದಿಸಿ, ಕೊಲ್ಹಾಪುರದ ಬಂದೂಕು ರಿಪೇರಿಯವನ ಹತ್ತಿರ ಹೋಗಿ, ಈ ದೇಶದಲ್ಲೇ ತಯಾರಾಗುವ ಕಾಡತೂಸಿಗೆ ಹೊಂದುವ ಬೇರೆ ನಳಿಗೆ ಕೂಡಿಸಿಕೊಂಡು ಬಂದರು. ಹಳೆಯ ಗುಂಡು ಈ ನಳಿಗೆಗೆ ಕೂದಲೆಳೆಯಷ್ಟು ಹೆಚ್ಚು ದಪ್ಪ; ತುರುಕಿದರೆ ಒಳಗೆ ಹೋಗುತ್ತದೆ, ಹಾರಿಸಿದರೆ ನಳಿಗೆ ಸಿಡಿದು ಮುಖಕ್ಕೇ ಬರುತ್ತದೆ ಎಂದು ಅವನು ಒತ್ತಿ ಒತ್ತಿ ಹೇಳಿದ್ದನಂತೆ.

ಆದರೂ ಉಳಿದ ಹಳೆಯ ಕಾಡತೂಸುಗಳನ್ನು ಕಾಕಾ ಬಿಡಲಿಲ್ಲ. ಅಪ್ಪನ ಕೈ ಮುಟ್ಟಿದ್ದು ಎಂದು ಹೊಸವುಗಳ ಪಕ್ಕದಲ್ಲೇ ಇಟ್ಟರು. ಅವರ ಕಣ್ಣು ಆಗಲೇ ಮಂಜಾಗುತ್ತಿತ್ತು. ಅವರು ಬಂದೂಕು ಹಿಡಿದು ಹೊಲಕ್ಕೆ ಹೋದರೆ ಕಾಕು ನಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ಕೂಡ್ರಿ ಅಂದರೆ ಕೂಡುತ್ತಿರಲಿಲ್ಲ. ಕೊಟ್ಟ ಚಹಾ ಕೈಯಲ್ಲೇ ಆರಿಹೋಗುತ್ತಿತ್ತು. ಒಂದು ದಿನ ಬಂದವಳೇ, "ಆ ಹಳೇ ಕಾಡತೂಸೆಲ್ಲಾ ಹಿರಣ್ಯಕೇಶಿ ಹೊಳಿಗೆ ಒಗದ ಬಂದೇನಿ. ಬೈದ್ರ ಬೈಲಿ" ಅಂದಳು.

ಕಾಕಾ ಬೈಯಲಿಲ್ಲ, ಮಾತೇ ಬಿಟ್ಟರು. ಏನು ಬೇಕಾದರೂ ನನ್ನ ಮುಖಾಂತರ ಕೇಳುವುದು...

ಕಬ್ಬು ಕಟಾವಿಗೆ ಬಂದ ಹೊತ್ತಿಗೆ, ಒಂದು ಸಂಜೆ ಕಾಕಾ ಹೊಲದಿಂದ ಬೇಗ ಬಂದರು. ನಾನು ಅವರ ಪಡಸಾಲೆಯಲ್ಲೇ ಇದ್ದೆ. ಕಾಕುಗೆ ಗೊತ್ತಿಲ್ಲದಂತೆ ಕೋಟಿನ ಕಿಸೆಯಲ್ಲಿ ಒಂದು ಹಳೆಯ ಕಾಡತೂಸು ಉಳಿಸಿಕೊಂಡಿದ್ದರಂತೆ. ಹಂದಿ ಎದುರಿಗೆ ಬಂದ ಅವಸರದಲ್ಲಿ ಕೈಗೆ ಸಿಕ್ಕದ್ದು ಅದೇ. ಗುಂಡನ್ನು ಒಳಗೆ ನೂಕುವ ಬೋಲ್ಟು ಬಿಗಿಯಾಗಿ ಕೂತಾಗ ಅನುಮಾನ ಬಂದು ಹೊರಗೆ ತೆಗೆದು ನೋಡಿದರಂತೆ. ಅದನ್ನು ಕಾಕುವಿನ ಅಂಗೈಯಲ್ಲಿಟ್ಟರು.

"ಇದನ್ನೂ ಒಗದ ಬಾ. ನನ್ನ ಕೈಲೆ ಆಗೂದಿಲ್ಲ."

"ಮತ್ತೊಂದ ಇಲ್ಲಲ್ರೀ?" ಅಂದಳು ಕಾಕು.

ಅವರು ಇಲ್ಲವೆಂದು ತಲೆಯಾಡಿಸಿದರು. ಆಕೆ ನಂಬಲಿಲ್ಲ. ಕೋಟಿನ ಕಿಸೆಗಳನ್ನೆಲ್ಲ ತಿರುವಿ ನೋಡಿ, ಆಮೇಲೆ ಹೊಳೆಗೆ ಹೋದಳು.

ಅಂದಿನಿಂದ ಮಾತು ಶುರುವಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಕಾಕಾ ಹೊರಡುವಾಗಲೆಲ್ಲ ಆಕೆ ಕಿಸೆ ಮುಟ್ಟಿ ನೋಡುತ್ತಿದ್ದಳು. ಅವರೂ ಸುಮ್ಮನೆ ಕೈ ಎತ್ತಿ ನಿಲ್ಲುತ್ತಿದ್ದರು.

ಮುಂದೆ ನಾವು ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಬಂದೆವು. ಕಾಕಾ ಜ್ವರ ಬಂದು ತೀರಿಕೊಂಡರು. ಕಾಕು ಹೋದ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಡವಾಗಿ...

ನಿನ್ನೆ ಗಡಹಿಂಗ್ಲಜಕ್ಕೆ ಹೋಗಿಬರೋಣ ಅನ್ನಿಸಿ ಚೀಲ ತುಂಬಿದೆ. ಮತ್ತೆ ಎಲ್ಲ ತೆಗೆದಿಟ್ಟೆ. ಆ ಓಣಿಯಲ್ಲಿ ಈಗ ನನ್ನನ್ನು 'ಬಾರವ್ವಾ' ಎನ್ನುವವರು ಯಾರೂ ಇಲ್ಲ.