ಸುರುಳಿಯಕ್ಕನ ಸ್ಪ್ರಿಂಗು, ಕಂಪನಿಯ ಬಾಗಿಲು

ಬೀದಿಯವರೆಲ್ಲ ಅವಳನ್ನು ಸುರುಳಿಯಕ್ಕ ಎಂದೇ ಕರೆಯುತ್ತಿದ್ದರು. ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ, ಕೈಯಿಂದ ತಿರುಗಿಸುವ ಯಂತ್ರಕ್ಕೆ ಉಕ್ಕಿನ ತಂತಿ ಸುತ್ತಿ ಸ್ಪ್ರಿಂಗು ಮಾಡುವುದು ಅವಳ ಕಸುಬು. ಗಂಡ ತಂತಿ ಕತ್ತರಿಸಿ ತುದಿ ಉಜ್ಜುತ್ತಿದ್ದ. ಅತ್ತೆ ಬಾಗಿಲಲ್ಲಿ ಕುಳಿತು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಳು. ಅಕ್ಕನ ಕೈ ಚುರುಕು, ಬಾಯಿ ಇನ್ನೂ ಚುರುಕು.

ಆ ವರ್ಷ ಊರಾಚೆ ಹೊರದೇಶದ ಕಂಪನಿಯೊಂದು ಬಟ್ಟೆ ಒಗೆಯುವ ಯಂತ್ರದ ಕಾರ್ಖಾನೆ ತೆರೆಯಿತು. ಯಂತ್ರದ ಬಾಗಿಲಿನ ಸ್ಪ್ರಿಂಗನ್ನು ಇಲ್ಲಿಯವರಿಂದಲೇ ಕೊಳ್ಳುತ್ತಾರೆಂದು ಗೊತ್ತಾದದ್ದೇ ತಡ, ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥ ಸುದ್ದಿ ಕೇಳಿ ಸುಮ್ಮನೆ ಕೂರುವ ಪೈಕಿಯವಳಲ್ಲ ಅವಳು. ಆ ಆರ್ಡರ್ ಸಿಕ್ಕರೆ ಶೆಡ್ಡು ನಿಜವಾದ ವರ್ಕ್‌ಶಾಪ್ ಆಗುತ್ತದೆ. ಸಿಗದಿದ್ದರೆ ರಿಪೇರಿ ಅಂಗಡಿಗಳ ಚಿಲ್ಲರೆ ಕೆಲಸವೇ ಗತಿ. ಅದೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿತ್ತು. ಕಾರ್ಖಾನೆಗೇ ಹೋಗಿ ಕೇಳಿ, ಅವರು ಕೊಟ್ಟ ನಕ್ಷೆ ನೋಡಿ ಮಾದರಿ ಮಾಡಿಟ್ಟಳು. ಪರೀಕ್ಷಿಸಲು ಅಲ್ಲಿಯ ಇಂಜಿನಿಯರಮ್ಮ ಒಂದು ಯಂತ್ರವನ್ನೇ ವ್ಯಾನಿನಲ್ಲಿ ಹೇರಿಕೊಂಡು ಬಂದಳು.

ಸ್ಪ್ರಿಂಗು ಕೂರಿಸಿ ಬಾಗಿಲು ಒತ್ತಿ ಮುಚ್ಚಿದರೆ ಅದು ಪಟಾರನೆ ತೆರೆದುಕೊಂಡಿತು. ಇನ್ನೊಮ್ಮೆ ಒತ್ತಿದರೂ ಅದೇ ಕಥೆ. ಗಂಡನ ಮುಖ ಸಪ್ಪಗಾಯಿತು.

“ಒಂದು ಸುತ್ತು ಜಾಸ್ತಿ ಇದೆಯಲ್ಲ,” ಎಂದಳು ಇಂಜಿನಿಯರಮ್ಮ.

“ಅದು ಕೊಸರು,” ಎಂದಳು ಅಕ್ಕ, ದೊಡ್ಡ ಉಪಕಾರ ಮಾಡಿದವಳಂತೆ.

ರಿಪೇರಿಯವರು ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳಲಿ ಎಂದು ಅವಳು ಯಾವಾಗಲೂ ಒಂದು ಸುತ್ತು ಹೆಚ್ಚೇ ಹಾಕುತ್ತಿದ್ದಳು. ಕಾರ್ಖಾನೆಯಲ್ಲಿ ಯಾರೂ ಇಕ್ಕಳ ಹಿಡಿದು ಕೂತಿರುವುದಿಲ್ಲ ಎಂಬುದು ತಲೆಗೆ ಹೊಳೆದೇ ಇರಲಿಲ್ಲ. ಈಗ ನಾಲಿಗೆ ಕಚ್ಚಿಕೊಂಡಳು.

“ಸ್ವಲ್ಪ ಕೂತ್ಕೊಳ್ಳಿ ಮೇಡಂ, ಈಗಲೇ ಬೇರೆ ಮಾಡಿ ಕೊಡ್ತೀನಿ.”

ಹೇಳಿದಷ್ಟು ಸುಲಭವಿರಲಿಲ್ಲ. ಲೆಕ್ಕ ಮುಗಿದರೂ ಕೈ ತಾನಾಗಿಯೇ ಇನ್ನೊಂದು ಸುತ್ತು ತಿರುಗಿಬಿಡುತ್ತಿತ್ತು. ಮಾಡಿದವೆಲ್ಲ ಕೆಟ್ಟವು. ಇಂಜಿನಿಯರಮ್ಮ ಗಡಿಯಾರ ನೋಡತೊಡಗಿದಳು. ಕೊನೆಗೆ ಅತ್ತೆಯೇ ಎದ್ದು ಬಂದು ಸೊಸೆಯ ಪಕ್ಕ ನಿಂತಳು. ಸರಿಯಾದ ಸುತ್ತಿಗೆ ಬಂದಾಗ “ಸಾಕು” ಎಂದು ಗದರಿದಳು. ಕೈ ನಿಂತಿತು. ಮದುವೆಯಾದಂದಿನಿಂದ ಸೊಸೆ ಆ ಮಾತಿಗೆ ಕಿವಿಗೊಟ್ಟದ್ದು ಅದೇ ಮೊದಲು.

ಈ ಸಲ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಎಳೆದರೆ ತೆರೆಯಿತು, ಒತ್ತಿದರೆ ಮತ್ತೆ ಮುಚ್ಚಿತು. ಎಲ್ಲರಿಗೂ ಅದೇ ಒಂದು ಆಟವಾಯಿತು. ಅತ್ತೆಯಂತೂ ಆ ಬಾಗಿಲು ಬಿಟ್ಟು ಅಲುಗಲಿಲ್ಲ. ಅಕ್ಕನ ಖುಷಿ ಹೇಳತೀರದು.

ಇಂಜಿನಿಯರಮ್ಮನಿಗೂ ಹುರುಪು ಹತ್ತಿತು. “ಈ ಶೆಡ್ಡು ಮುಚ್ಚಿ ನಮ್ಮಲ್ಲಿಗೇ ಬಂದುಬಿಡಿ. ತಿಂಗಳ ಸಂಬಳ, ಹೋಗಿ ಬರೋಕೆ ಬಸ್ಸು. ಸ್ಪ್ರಿಂಗ್ ಅಲ್ಲೇ ಮಾಡಿಸೋಣ.”

ಗಂಡನ ಕಣ್ಣು ಅರಳಿತು. ಬೇಡವೆಂದರೆ ಆರ್ಡರೂ ಕೈತಪ್ಪಬಹುದೆಂದು ಅಕ್ಕನಿಗೆ ಗೊತ್ತಿತ್ತು. ಆದರೂ ಅವಳು ಸೆರಗಿಗೆ ಕೈ ಒರೆಸಿಕೊಂಡು ಹೇಳಿಯೇಬಿಟ್ಟಳು.

“ನಾನು ಬರಲ್ಲ ಮೇಡಂ. ನನ್ನ ಸ್ಪ್ರಿಂಗ್ ಬರುತ್ತೆ.”

ಇಂಜಿನಿಯರಮ್ಮ ಅವಳನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ನಕ್ಕುಬಿಟ್ಟಳು. “ಹಾಗಾದ್ರೆ ಸೋಮವಾರ ಸ್ಪ್ರಿಂಗಿನ ಮೊದಲ ಪೆಟ್ಟಿಗೆ ಬರಲಿ. ಕೊಸರು ಬೇಡ.”

ವ್ಯಾನು ಇನ್ನೂ ಬೀದಿಯ ತಿರುವು ದಾಟಿರಲಿಲ್ಲ. ಅಷ್ಟರಲ್ಲೇ ಅಕ್ಕ ತಂತಿ ಸುತ್ತುವ ಯಂತ್ರದ ಮುಂದೆ ಕುಳಿತಾಗಿತ್ತು.

“ಬಸ್ಸು ಬರ್ತಿತ್ತಲ್ಲೇ,” ಎಂದ ಗಂಡ.

“ಬಸ್ಸು ನಾವೇ ಇಡೋಣ, ನಮ್ಮ ಕೆಲಸದವರಿಗೆ. ಮೊದಲು ತಂತಿ ತನ್ನಿ.”