ಅಮ್ಮನ ಹೆಸರಿನ ಗೋರಂಟೆ

ನನ್ನ ಅರ್ಧ ಆಯುಷ್ಯ ಗೋರಂಟೆ ಹೂವಿನ ಹಿಂದೆ ಹೋಗಿದೆ. ಚಳಿಗಾಲದಲ್ಲಿ ಜಯನಗರದ ಹೂವಿನಂಗಡಿಗಳಲ್ಲಿ ಸ್ಫಟಿಕ ಎಂದು ಮಾರುತ್ತಾರಲ್ಲ, ಅದು ಮತ್ತು ಅದರ ಬಂಧುಬಳಗವೆಲ್ಲ ಸೇರಿದ ಕುಲ. ಅದರಲ್ಲಿ ನಮ್ಮ ಕಡೆ ಎಷ್ಟು ಬಗೆಗಳಿವೆ, ಯಾವುದಕ್ಕೆ ಯಾವ ಹೆಸರು ನಿಲ್ಲಬೇಕು ಎಂದು ಹೊಸದಾಗಿ ತೀರ್ಮಾನಿಸುವುದು ನನ್ನ ಕೆಲಸ. ಹೂವಿನ ಮೇಲೆ ಸಂಶೋಧನೆ ಎಂದರೆ ನೆಂಟರು ಮದುವೆ ಮಂಟಪದ ಅಲಂಕಾರಕ್ಕೆ ಸಲಹೆ ಕೇಳುತ್ತಾರೆ. ಕೊಟ್ಟೂ ಇದ್ದೇನೆ.

ಈ ದಾರಿಗೆ ನನ್ನನ್ನು ಹಚ್ಚಿದವರು ನನಗೆ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು. ಅದರಲ್ಲಿ ಉಳಿಸಿದವರು ಅವರ ಹೆಂಡತಿ. ನಾವು ವಿದ್ಯಾರ್ಥಿಗಳೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಪಿಎಚ್‌ಡಿ ಮಾಡುತ್ತಿದ್ದಾಗ ನಾನು ಶ್ರೀನಗರದ ಬಾಡಿಗೆ ಕೋಣೆಯಿಂದ ಜಯನಗರದ ಅವರ ಮನೆಗೆ ಹೋದರೆ, ಮೇಷ್ಟ್ರು ನಾನು ಬರೆದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಗೀಚಿ ಕೈಗೆ ಕೊಡುತ್ತಿದ್ದರು, ಅಮ್ಮ ಹುಳಿಯನ್ನದ ತಟ್ಟೆ ಕೊಡುತ್ತಿದ್ದರು. ಎಲ್ಲ ಬಿಟ್ಟು ಊರಿಗೆ ಹೋಗುತ್ತೇನೆಂದು ನಾನು ಅತ್ತ ದಿನ ಅಮ್ಮ, "ಮೊದಲು ಊಟ ಮಾಡು, ಆಮೇಲೆ ಬಿಡುವಂತೆ" ಎಂದರು. ಊಟ ಮಾಡಿದೆ, ಬಿಡಲಿಲ್ಲ. ಆ ಋಣ ಇವತ್ತಿಗೂ ನನ್ನ ಮೇಲಿದೆ. ಇರಲಿ ಎಂದೇ ನನ್ನಾಸೆ.

ಮೇಷ್ಟ್ರು ಹರೆಯದಲ್ಲಿ ಅಂಜನಾಪುರದ ಆಚೆಯ ಬಂಡೆಗುಡ್ಡದ ಮೇಲೆ ಒಂದು ಗೋರಂಟೆ ಕಂಡಿದ್ದರು. ಪುಟ್ಟ ಎಲೆ, ಒತ್ತೊತ್ತಾದ ಮುಳ್ಳು. ಹೊಸ ಪ್ರಭೇದವೆಂದು ಬರೆದು, ಆಗಷ್ಟೇ ಕೈಹಿಡಿದ ಹೆಂಡತಿಯ ಹೆಸರಿಟ್ಟರು. "ಬೇರೆಯವರ ಗಂಡಂದಿರು ಹೂ ತಂದ್ಕೊಡ್ತಾರೆ, ನಮ್ಮನೆಯವರು ಹೂವನ್ನೇ ನನ್ನ ಹೆಸರಿಗೆ ಮಾಡ್ಕೊಟ್ರು" ಎಂದು ಅಮ್ಮ ಮದುವೆಮನೆಗಳಲ್ಲಿ ಸೈಟು ಸಿಕ್ಕವರ ಹಾಗೆ ಹೇಳಿಕೊಳ್ಳುತ್ತಿದ್ದರಂತೆ. ಆಮೇಲೆ ಗುಡ್ಡ ಕಲ್ಲುಕೋರೆಯಾಯಿತು, ಕೋರೆ ಬಡಾವಣೆಯಾಯಿತು. ಆ ಗಿಡ ಮತ್ತೆಲ್ಲೂ ಸಿಗಲಿಲ್ಲ. ಮೇಷ್ಟ್ರು ಪ್ರತಿ ಚಳಿಗಾಲ ಹುಡುಕಲು ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಕೊನೆಗೆ ಹೋಗುವುದನ್ನೇ ಬಿಟ್ಟರು, ಮನೆಯಲ್ಲಿ ಅದರ ಮಾತೂ ನಿಂತಿತು. ಉಳಿದದ್ದು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಒಂದು ರೆಂಬೆ ಮಾತ್ರ.

ನಾನು ಇಡೀ ಕುಲವನ್ನು ಪರಿಷ್ಕರಿಸಲು ಕೂತಾಗ ಆ ರೆಂಬೆಯೇ ಗಂಟಲಲ್ಲಿ ಸಿಕ್ಕಿಕೊಂಡಿತು. ಬೀಜ, ಪರಾಗ, ಯಾವುದನ್ನು ನೋಡಿದರೂ ಬೇಗೂರು ಕೆರೆಯ ಏರಿಯ ಮೇಲೆ ಪೊದೆಪೊದೆಯಾಗಿ ಬೆಳೆಯುವ ಮಾಮೂಲಿ ಗೋರಂಟೆಯಂತೆಯೇ ಇತ್ತು. ಏರಿಯಿಂದ ಕಡ್ಡಿ ತಂದು ಜೆ.ಪಿ. ನಗರದ ನನ್ನ ತಾರಸಿಯಲ್ಲಿ ನೆಟ್ಟೆ. ಕೆಲವನ್ನು ನೀರಿನ ಟ್ಯಾಂಕಿನ ನೆರಳಲ್ಲಿಟ್ಟೆ, ಕೆಲವನ್ನು ಜಲ್ಲಿಕಲ್ಲು ತುಂಬಿದ ಕುಂಡದಲ್ಲಿ ಉರಿಬಿಸಿಲಿಗೆ ಬಿಟ್ಟೆ. ನೆರಳಿನವು ಏರಿಯ ಗಿಡದಂತೆಯೇ ಸೊಂಪಾಗಿ ಬಂದವು. ಬಿಸಿಲಿನವು ಎಲೆ ಕುಗ್ಗಿಸಿ, ಮುಳ್ಳು ಒತ್ತಾಗಿಸಿಕೊಂಡು, ಮುಂದಿನ ಚಳಿಗಾಲಕ್ಕೆ ತದ್ವತ್ ಅಮ್ಮನ ಗಿಡವಾಗಿ ನಿಂತವು. ಬಂಡೆಯ ಮೇಲಿನ ಬಡತನವನ್ನು ಮೇಷ್ಟ್ರು ಹೊಸ ಪ್ರಭೇದ ಎಂದುಕೊಂಡಿದ್ದರು. ನಮ್ಮ ಕಸುಬಿನ ನಿಯಮ ನಿಷ್ಠುರದ್ದು: ಎರಡೂ ಒಂದೇ ಎಂದಾದರೆ ಮೊದಲು ಇಟ್ಟ ಹೆಸರೇ ನಿಲ್ಲಬೇಕು. ಮಾಮೂಲಿ ಗೋರಂಟೆಗೆ ಬಹಳ ಹಿಂದೆಯೇ ಹೆಸರಿತ್ತು. ಅಮ್ಮನ ಹೆಸರು ಅದರ ಕೆಳಗೆ ಸಣ್ಣ ಅಕ್ಷರಕ್ಕೆ ಇಳಿಯಬೇಕು. ಇಳಿಸುವವಳು ನಾನು, ಅವರ ಕೈಯ ಅನ್ನ ಉಂಡವಳು.

ಬಿಸಿಲಿನ ಕುಂಡವೊಂದನ್ನು ಹೊತ್ತು ಮೇಷ್ಟ್ರ ಮನೆಗೆ ಆಟೋ ಹತ್ತಿದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಒಂದೇ ಕಣಮ್ಮ. ಒಂದು ಗುಡ್ಡ ನೋಡಿ ಆತುರ ಬಿದ್ದೆ ನಾನು. ನೀನು ಸರಿಯಾಗಿ ಮಾಡಿದ್ದೀಯ, ಹಾಗೇ ಬರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಮಾತ್ರ ನೀನೇ ಹೇಳು" ಎಂದು ಪೇಪರಿನಿಂದ ಮುಖ ಮುಚ್ಚಿಕೊಂಡರು.

ಅಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಹಿದುಕುತ್ತ, ಅವರ ಮುಖ ನೋಡದೆ ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ನನ್ನ ಹೆಸರು ಹೋಯ್ತು ಅನ್ನು."

"ಕೆಳಗೆ ಸಣ್ಣದಾಗಿ ಇರುತ್ತಮ್ಮ, ಅದನ್ನ ಯಾರೂ ಅಳಿಸೋ ಹಾಗಿಲ್ಲ. ಆದ್ರೆ ಇನ್ಮೇಲೆ ಗಿಡಾನ ಆ ಹೆಸರಲ್ಲಿ ಕರೆಯಲ್ಲ."

"ಬೇಗೂರಿಂದೂ ಗುಡ್ಡದ್ದೂ ಒಂದೇ ಅಂತೀಯಾ? ಖಂಡಿತಾನಾ?"

"ಖಂಡಿತ."

ಅಮ್ಮ ನನ್ನನ್ನೇ ನೋಡಿದರು. "ಹಾಗಾದ್ರೆ ಅದು ಹೋಗಿಲ್ಲ."

"ಯಾವುದು, ಹೆಸರಾ?" ಎಂದೆ ಪೆದ್ದಿಯಂತೆ.

"ಗಿಡ ಕಣೆ! ಕೆರೆ ಏರಿ ತುಂಬ ಇದೆ ಅಂತ ನೀನೇ ಹೇಳ್ತಿದ್ದೀಯಲ್ಲ!" ಸೆರಗಿಗೆ ಕೈ ಒರೆಸಿಕೊಂಡು ಹಜಾರದ ಕಡೆ ಕೂಗಿದರು. "ರೀ, ಕೇಳಿಸ್ತಾ? ಅದು ಸತ್ತಿಲ್ವಂತೆ ರೀ!"

ಸಸ್ಯಶಾಸ್ತ್ರ ಓದಿದ ನಾವಿಬ್ಬರೂ ಹೆಸರಿನ ಸಂಕಟದಲ್ಲಿ ಇದನ್ನು ಯೋಚಿಸಿಯೇ ಇರಲಿಲ್ಲ. ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. ಕಣ್ಣು ಒದ್ದೆಯಾಗಿತ್ತು. ನನ್ನದೂ. ಇಂಥ ಮನೆಯಲ್ಲಿ ಕಲಿತೆನಲ್ಲ ಎಂದು ಅವತ್ತಿನಷ್ಟು ಕೃತಜ್ಞತೆ ನನಗೆ ಎಂದೂ ಅನ್ನಿಸಿದ್ದಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಬೇಗೂರಿಗೆ ಹೋದೆವು. ಏರಿಯ ಉದ್ದಕ್ಕೂ ಹೂ ಬಿಟ್ಟಿತ್ತು. ಅಮ್ಮ ಒಂದು ಪೊದೆಯ ಮುಂದೆ ಬಗ್ಗಿ, "ಇದೇನಾ?" ಎಂದು ಕೇಳಿದರು. ನಿಲ್ಲಬೇಕಾದ ಹೆಸರನ್ನು ಹೇಳಲು ಮೇಷ್ಟ್ರು ಬಾಯಿ ತೆರೆದರು. ಬಂದದ್ದು ಹೆಂಡತಿಯ ಹೆಸರು. ನಾನು ತಿದ್ದಲಿಲ್ಲ.